ಹಳದಿ ನೀರಿನ ಹಾಡನ್ನು ಕೋಲಾರದಲ್ಲಿ ಕೇಳಿಸುವ ಬಗೆ

ಒಂದು ಭಾನುವಾರ ಸಂಜೆ ಕೋಲಾರದ ನಮ್ಮ ಮನೆಯ ತಾರಸಿಯ ಮೇಲೆ, ಹುರಿದ ಕಡಲೆಕಾಯಿಯ ಮೊರವನ್ನು ನಡುವೆ ಇಟ್ಟುಕೊಂಡು ಕುಳಿತಿದ್ದ ಐದಾರು ಮಂದಿಗೆ ನಾನು ಸ್ಪೇನಿನ ಒಂದು ಹಾಸ್ಯ ತಂಡದ ಹಾಡನ್ನು ಕೇಳಿಸಿದೆ. ಹಾಡು ಮುಗಿಯುವ ಹೊತ್ತಿಗೆ ಮೊರ ಖಾಲಿಯಾಗಿತ್ತೇ ಹೊರತು ಒಬ್ಬರ ಮುಖದಲ್ಲೂ ನಗು ಮೂಡಿರಲಿಲ್ಲ. ತಪ್ಪು ಹಾಡಿನದಲ್ಲ, ಕೇಳಿಸಿದ ಕ್ರಮದ್ದು. ಸಂಗೀತಕ್ಕೆ ಭಾಷೆಯ ಹಂಗಿಲ್ಲ ಎಂಬ ಮಾತು ಹಾಸ್ಯಗೀತೆಗೆ ಒಪ್ಪುವುದಿಲ್ಲ. ಯಾರು, ಯಾರನ್ನು ನೋಡಿ, ಯಾವ ಕಾಲದಲ್ಲಿ ನಗುತ್ತಿದ್ದಾರೆ ಎಂಬುದು ಗೊತ್ತಿಲ್ಲದಿದ್ದರೆ ಕಿವಿಗೆ ಬೀಳುವುದು ಬರಿಯ ಸದ್ದು. ಆಮೇಲೆ ಕ್ರಮವನ್ನು ಬದಲಿಸಿ ಮತ್ತೆ ಕೇಳಿಸಿದಾಗ ಕಂಡುಕೊಂಡದ್ದನ್ನು, ಅಂದರೆ ಲೋಸ್ ತೊರೆರೋಸ್ ಮುವೆರ್ತೋಸ್ ಎಂಬ ಆ ತಂಡವನ್ನು ಸ್ಪ್ಯಾನಿಷ್ ಬಾರದವರು ಹೇಗೆ ಕೇಳಬಹುದು ಎಂಬುದನ್ನು, ಇಲ್ಲಿ ಬರೆದಿದ್ದೇನೆ.

ಮೊದಲು ಹೆಸರನ್ನು ಬಿಡಿಸಿ ಹೇಳಿ. ತೊರೆರೋ ಎಂದರೆ ಅಖಾಡದಲ್ಲಿ ಗೂಳಿಯನ್ನು ಎದುರಿಸುವವನು, ಮುವೆರ್ತೋ ಎಂದರೆ ಸತ್ತವನು. ಗೂಳಿಕಾಳಗವನ್ನು ನಾಡಿನ ಹೆಮ್ಮೆಯೆಂದು ಮೆರೆಸಿದ ದೇಶದಲ್ಲಿ ‘ಸತ್ತ ಗೂಳಿಕಾಳಗದವರು’ ಎಂದು ಹೆಸರಿಟ್ಟುಕೊಂಡದ್ದೇ ಒಂದು ಕೀಟಲೆ. 1986ರಲ್ಲಿ ಬಂದ ಅವರ ಆಲ್ಬಮ್ಮಿನ ಹೆಸರು ಇನ್ನೊಂದು ಕೀಟಲೆ: ‘30 ವರ್ಷಗಳ ಜನಪ್ರಿಯ ಗೀತೆಗಳು’. ಮೊಬೈಲಿನ ಅನುವಾದ ಈ ಹೆಸರಿನ ಅರ್ಥವನ್ನು ಸರಿಯಾಗಿಯೇ ತೋರಿಸುತ್ತದೆ, ಆದರೆ ಅದು ತಂಡದ ಚೊಚ್ಚಲ ಆಲ್ಬಮ್ ಎಂಬುದನ್ನು ಹೇಳುವುದಿಲ್ಲ. ನಗು ಇರುವುದು ಅಲ್ಲಿಯೇ. ಹಾಗಾಗಿ ಅನುವಾದಕ್ಕೆ ಕೈಹಾಕುವ ಮುನ್ನ ಇಸವಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಆ ಹಾಳೆಯ ಮೊದಲ ಸಾಲು 1975 ಆಗಿರಲಿ. ಆ ವರ್ಷದ ನವೆಂಬರಿನಲ್ಲಿ ಸರ್ವಾಧಿಕಾರಿ ಫ್ರಾಂಕೊ ತೀರಿಕೊಂಡ; 1978ರಲ್ಲಿ ಹೊಸ ಸಂವಿಧಾನ ಬಂತು; ಬಾಯಿಗೆ ಹಾಕಿದ್ದ ಬೀಗ ತೆಗೆದಂತೆ ಮ್ಯಾಡ್ರಿಡ್ಡಿನ ಹುಡುಗ ಹುಡುಗಿಯರು ಹಾಡು, ಚಿತ್ರ, ವೇಷ, ಸಿನಿಮಾ ಎಲ್ಲದರಲ್ಲೂ ಮನಸ್ಸಿಗೆ ಬಂದದ್ದನ್ನು ಮಾಡತೊಡಗಿದರು. ‘ಮೊವಿದಾ’ ಎಂದು ಕರೆಸಿಕೊಂಡ ಆ ಸಡಗರದ ಬಾಲದಲ್ಲಿ ಈ ತಂಡ ಕಾಣಿಸಿಕೊಂಡಿತು. ಪಂಕ್ ಸಂಗೀತದ ಆತುರವನ್ನು ಉಳಿಸಿಕೊಂಡು, ಅದಕ್ಕೆ ಕೀಬೋರ್ಡು ಮತ್ತು ಬಾಯಲ್ಲಿ ಉಳಿಯುವ ಧಾಟಿಯನ್ನು ಸೇರಿಸಿದ ನ್ಯೂ ವೇವ್ ಶೈಲಿ ಅವರದು. ಕೀಬೋರ್ಡು ನುಡಿಸುತ್ತಿದ್ದ ಗಿಯೆರ್ಮೊ ಪಿಕ್ಕೊಲಿನಿ ಅರ್ಜೆಂಟೀನಾದವರು. ಸಂಗೀತದ ಬಗ್ಗೆ ಇಷ್ಟು ಸಾಕು, ಕಿವಿಗೊಡಬೇಕಾದದ್ದು ಗಾಯಕನಿಗೆ.

ಕಾದಿಸ್ ನಗರದಲ್ಲಿ 1962ರಲ್ಲಿ ಹುಟ್ಟಿದ ಪಾಬ್ಲೊ ಕಾರ್ಬೊನೆಲ್, ಪೆದ್ರೊ ರೆಯೆಸ್ ಎಂಬ ಜೊತೆಗಾರನೊಂದಿಗೆ ಬೀದಿಯಲ್ಲಿ ನಗೆಯಾಟ ಆಡಿ, ಬಳಿಕ ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡವರು. ಹಗಲುವೇಷದವರನ್ನು ನೋಡಿದ ನಮ್ಮ ಕಡೆಯ ಹಿರಿಯರಿಗೆ ಈ ಪರಂಪರೆಯನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಸಂಬದ್ಧವಾದ ಮಾತನ್ನು ಆಣೆ ಮಾಡಿ ಹೇಳುವವನಂತೆ ಗಂಭೀರವಾಗಿ ಹೇಳುವುದು, ತಾನು ಮಾತ್ರ ನಗದಿರುವುದು. ಸ್ವರ ಶುದ್ಧವಾಗಿದೆಯೇ ಎಂದು ಇಲ್ಲಿ ನೋಡಬಾರದು, ಪಾತ್ರ ನಿಂತಿದೆಯೇ ಎಂದು ನೋಡಬೇಕು.

ಈಗ ಹಾಡು. ಅದರ ಹೆಸರು ‘ಮಿ ಅಗ್ವೀತಾ ಅಮಾರಿಯಾ’. ಹುಡುಕುವಾಗ ರೋಮನ್ ಲಿಪಿಯಲ್ಲಿ ಟೈಪ್ ಮಾಡಿ. ಯು ಅಕ್ಷರದ ನೆತ್ತಿಯ ಮೇಲಿನ ಎರಡು ಚುಕ್ಕೆಗಳನ್ನು ಬಿಟ್ಟರೂ ಹಾಡು ಸಿಗುತ್ತದೆ, ಆದರೆ ಆ ಚುಕ್ಕೆಗಳಿಲ್ಲದಿದ್ದರೆ ಸ್ಪ್ಯಾನಿಷಿನಲ್ಲಿ ಪದವನ್ನು ಅಗೀತಾ ಎಂದು ಓದಬೇಕಾಗುತ್ತದೆ. ಅಗ್ವಾ ಎಂದರೆ ನೀರು. ಅದಕ್ಕೆ ‘ಈತಾ’ ಸೇರಿದರೆ ಮುದ್ದು ನೀರು, ಪುಟಾಣಿ ನೀರು ಎಂಬ ಭಾವ ಬರುತ್ತದೆ. ನಮ್ಮಲ್ಲಿ ನೀರಿಗೆ ಹೀಗೆ ಮುದ್ದಿನ ಪ್ರತ್ಯಯ ಹಚ್ಚುವ ರೂಢಿಯಿಲ್ಲದ ಕಾರಣ ‘ನನ್ನ ಮುದ್ದು ಹಳದಿ ನೀರು’ ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಿರಿ. ಯಾವ ನೀರು ಎಂಬುದು ಕೇಳುವವರಿಗೆ ತಾನಾಗಿ ಹೊಳೆಯಲಿ.

ಹಾಡನ್ನು ಹಾಕುವ ಮೊದಲೇ ಕಥೆಯನ್ನು ಕನ್ನಡದಲ್ಲಿ ಪೂರ್ತಿ ಹೇಳಿಬಿಡಬೇಕು, ನಾನು ಮೊದಲ ಸಲ ಮಾಡದೆ ಬಿಟ್ಟದ್ದು ಇದನ್ನೇ. ಈ ದಿನ ನಲವತ್ತಕ್ಕೂ ಹೆಚ್ಚು ಬಿಯರ್ ಕುಡಿದಿರಬೇಕು ಎನ್ನುವ ಒಬ್ಬಾತ ಅದನ್ನು ಹೊರಗೆ ಬಿಡಲು ಹೋಗುತ್ತಾನೆ. ಅಲ್ಲಿಂದ ಅವನ ಯೋಚನೆ ಕೊಳವೆಯೊಳಗೆ ಇಳಿಯುತ್ತದೆ. ಆ ನೀರು ಕೇಳುಗನ ಮನೆಯ ಕೆಳಗೆ ಹಾದು ನದಿಯನ್ನು ಸೇರುತ್ತದೆ, ಅದನ್ನು ಕುರಿ ಕಾಯುವವನು ಕುಡಿಯುತ್ತಾನೆ, ಹಸುಗಳು ಕುಡಿಯುತ್ತವೆ, ಹೊಲಗಳಿಗೆ ಅದು ಹಾಯುತ್ತದೆ. ಕಡಲಿಗೆ ಬಿದ್ದು ಕೇಳುಗ ತಿನ್ನುವ ಮೀನಿನೊಡನೆ ಆಡುತ್ತದೆ. ಬಿಸಿಲಿಗೆ ಕಾದು ಮೋಡವಾಗಿ ಎಲ್ಲರ ತಲೆಯ ಮೇಲೆ ಸುರಿಯುತ್ತದೆ. ಆರನೆಯ ತರಗತಿಯ ಜಲಚಕ್ರದ ಪಾಠವನ್ನು ಕುಡುಕನೊಬ್ಬ ಭಕ್ತಿಯಿಂದ ಒಪ್ಪಿಸಿದಂತೆ ಇದೆ ಎಂದು ನಾನು ಪರಿಚಯಿಸುತ್ತೇನೆ.

ಎರಡನೆಯ ಬಾರಿ ಹೀಗೆ ಹೇಳಿ ಮುಗಿಸಿದಾಗ, ಕೆರೆಯ ಕೆಳಗೆ ಜಮೀನಿರುವ ನಮ್ಮ ಮಾವ ಕಡಲೆಕಾಯಿ ಬಿಡಿಸುತ್ತಿದ್ದ ಕೈಯನ್ನು ನಿಲ್ಲಿಸಿ, “ಅಲ್ಲಪ್ಪಾ, ಇವನು ನಮ್ಮ ಕೆರೆ ಕಥೆನೇ ಹಾಡ್ತಾವ್ನಲ್ಲೋ!” ಎಂದರು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುವ, ದಿನಕ್ಕೆ 440 ದಶಲಕ್ಷ ಲೀಟರ್ ಸಾಮರ್ಥ್ಯದ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದದ್ದು, ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂಬ ಕೂಗು ಎದ್ದದ್ದು, ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತರು ಹಿಗ್ಗಿದ್ದು, ಎಲ್ಲವೂ ಇಲ್ಲಿಯವರಿಗೆ ಮನೆಮಾತು. ಕೇಳಿಸುವವರು ಈ ಕೊಂಡಿಯನ್ನು ತಾವೇ ಹೇಳದೆ ಯಾರಾದರೂ ಹೇಳುವವರೆಗೆ ಕಾಯುವುದು ಲೇಸು, ಚಿಕ್ಕಬಳ್ಳಾಪುರದವರಾದರೆ ತಮ್ಮ ಕೆರೆಗಳಿಗೆ ಇಂಥದೇ ನೀರು ತರುವ ಎಚ್.ಎನ್. ವ್ಯಾಲಿ ಯೋಜನೆಯ ಮಾತು ತಾನಾಗಿಯೇ ಬರುತ್ತದೆ.

ಇದಾದ ಮೇಲೆ ‘ನನ್ನ ಹೆಸರು ಹಾವಿಯೆರ್ ಅಲ್ಲ’ ಎಂಬ ಹಾಡನ್ನು ಹಾಕಬಹುದು. ಮಗುವಿನ ಹೊಣೆ ತನ್ನ ಮೇಲೆ ಬರುತ್ತಿದೆ ಎಂದು ತಿಳಿದವನು ಹೆಸರನ್ನೇ ಅಲ್ಲಗಳೆಯುವ ಹಾಡು ಅದು. ಇದಕ್ಕೆ ಒಂದೇ ವಾಕ್ಯದ ಪೀಠಿಕೆ ಸಾಕು, ಪಲ್ಲವಿಯನ್ನು ಎರಡನೆಯ ಸುತ್ತಿಗೆ ಎಲ್ಲರೂ ಹೇಳುತ್ತಾರೆ. 1987ರ ‘ಪೋರ್ ಬಿಯಾಫ್ರಾ’, 1989ರ ‘ಮುಂದೊ ಕರಕೋಲ್’ ಆಲ್ಬಮ್ಮುಗಳನ್ನು ಒಬ್ಬರೇ ಕುಳಿತು ಕೇಳಿಕೊಳ್ಳಿ. ಗುಂಪಿನಲ್ಲಿ ಅವು ನಿಲ್ಲುವುದಿಲ್ಲ ಎಂಬುದು ನನ್ನ ಅನಿಸಿಕೆ.

ತಂಡ ಸ್ಪೇನಿನ ಹೊರಗೂ ಬೆಳೆದದ್ದನ್ನು ಮಾತ್ರ ಹೇಳಲೇಬೇಕು. ಎಂಬತ್ತರ ದಶಕದ ನಡುವಿನಿಂದ ಧ್ವನಿಮುದ್ರಣ ಕಂಪನಿಗಳು ‘ನಿನ್ನ ಭಾಷೆಯಲ್ಲಿ ರಾಕ್’ ಎಂಬ ಘೋಷಣೆಯಡಿ ಸ್ಪ್ಯಾನಿಷ್ ತಂಡಗಳನ್ನು ಲ್ಯಾಟಿನ್ ಅಮೆರಿಕದಲ್ಲಿ ಮಾರಿದವು. ಕೊಲಂಬಿಯಾದ ಬೊಗೊತಾ ನಗರದ ಎಲ್ ಕಾಂಪಿನ್ ಕ್ರೀಡಾಂಗಣದಲ್ಲಿ 1988ರ ಸೆಪ್ಟೆಂಬರ್ 17ರಂದು ನಡೆದ ದೊಡ್ಡ ಸಂಗೀತ ಸಭೆಯಲ್ಲಿ ಈ ತಂಡವೂ ಹಾಡಿತು. 1990ರ ದಶಕದ ಆರಂಭದಲ್ಲಿ ತಂಡ ಚದುರಿತು. ಕಾರ್ಬೊನೆಲ್ ಟಿವಿಯಲ್ಲಿ ರಾಜಕಾರಣಿಗಳಿಗೆ ಮೈಕು ಹಿಡಿದು ಪೇಚಿಗೆ ಸಿಲುಕಿಸುವ ವರದಿಗಾರರಾದರು, 2004ರಲ್ಲಿ ಒಂದು ಚಲನಚಿತ್ರವನ್ನೂ ನಿರ್ದೇಶಿಸಿದರು. ಮುಂದೆ ತಂಡ ಮತ್ತೆ ಕೂಡಿತು.

ಕೊನೆಯಲ್ಲಿ ಹಳದಿ ನೀರಿನ ಹಾಡನ್ನು ಇನ್ನೊಮ್ಮೆ ಹಾಕಿ, ಈ ಸಲ ವಿವರಣೆಯಿಲ್ಲದೆ. ಒಂದೇ ಒಂದು ಪದವನ್ನು ಗುರುತಿಸಲು ಹೇಳಿ: ಪಾಸ್ತೋರ್. ಸ್ಪ್ಯಾನಿಷಿನಲ್ಲಿ ಅದು ಕುರಿ ಕಾಯುವವನು. ನಮ್ಮ ಚರ್ಚುಗಳ ಪಾಸ್ಟರ್ ಎಂಬ ಪದವೂ ಅದೇ ಲ್ಯಾಟಿನ್ ಮೂಲದ್ದು. ನದಿಯ ಹತ್ತಿರ ಆ ಪದ ಬಂದಾಗ ನಮ್ಮ ತಾರಸಿಯಲ್ಲಿ ಮೊದಲು ನಕ್ಕವರು ಮಾವ, ಅವರ ಹಿಂದೆಯೇ ಉಳಿದವರು. ಕಡಲೆಕಾಯಿ ಆ ದಿನ ಅರ್ಧ ಮೊರ ಮಿಕ್ಕಿತ್ತು.