ಕೆಂಪು, ಪಚ್ಚೆ, ನೀಲ: ಹರಳು ನೋಡಿ ಆರಿಸುವುದು ಹೇಗೆ?

ಮದುವೆ ಸೀಸನ್ ಬಂತೆಂದರೆ ಕಾಸರಗೋಡು, ಉಪ್ಪಳ, ಕುಂಬಳೆಯ ಚಿನ್ನದಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪವನಿನ (8 ಗ್ರಾಂ ಚಿನ್ನದ) ಲೆಕ್ಕ ನಮಗೆ ಬಾಯಿಪಾಠ. ಆದರೆ ಬೆಂಡೋಲೆಯ ಕೆಂಪು ಹರಳನ್ನು ಎರಡು ನಿಮಿಷ ಹಿಡಿದು ನೋಡುವವರು ಕಡಿಮೆ. ಬಣ್ಣದ ಹರಳಿನ ಬೆಲೆ ಹೆಚ್ಚಾಗಿ ಅದರ ಬಣ್ಣದಲ್ಲೇ ಇರುವುದು. ಅದನ್ನು ನೋಡಲು ಯಾರು ಬೇಕಾದರೂ ಕಲಿಯಬಹುದು.

ಮೊದಲು ಹರಳನ್ನು ಅಂಗಡಿಯ ಬಾಗಿಲಿಗೆ ತನ್ನಿ. ಒಳಗಿನ ಹಳದಿ ಬೆಳಕಿನಲ್ಲಿ ಯಾವ ಮಾಣಿಕ್ಯವಾದರೂ ಉರಿಯುವ ಕೆಂಪಾಗಿಯೇ ಕಾಣುತ್ತದೆ. ಹಗಲು ಬೆಳಕಿನ ನೆರಳಿನಲ್ಲಿ, ಬಿಳಿ ಕಾಗದದ ಮೇಲಿಟ್ಟು ನೋಡಿ. ಬಣ್ಣ ತುಂಬಿರಬೇಕು, ಆದರೆ ಕಪ್ಪಿಗೆ ತಿರುಗಿರಬಾರದು. ಕೆಲವು ನೀಲಗಳು ಮನೆಗೆ ತಂದ ಮೇಲೆ ಮಸಿಯ ಹಾಗೆ ಕಾಣುವುದು ಇದಕ್ಕೇ.

ಬಿಡಿ ಹರಳಾದರೆ ಇನ್ನೊಂದು ಪರೀಕ್ಷೆ ಇದೆ. ಅದನ್ನು ಪತ್ರಿಕೆಯ ಅಕ್ಷರಗಳ ಮೇಲಿಟ್ಟು ಮೇಲಿನಿಂದ ನೋಡಿ. ನಡುವಿನಲ್ಲಿ ಅಕ್ಷರ ಓದಲು ಬರುತ್ತದೆಯೇ? ಹಾಗಾದರೆ ಕೊರೆತ ಸರಿಯಿಲ್ಲ. ಬೆಳಕು ಹೊಳಪಾಗಿ ಹಿಂದೆ ಬರುವ ಬದಲು ಕೆಳಗೆ ಸೋರಿ ಹೋಗುತ್ತಿದೆ.

ಮಾಣಿಕ್ಯಕ್ಕೆ ಕೆಂಪು ಕೊಡುವುದೂ ಪಚ್ಚೆಗೆ ಹಸಿರು ಕೊಡುವುದೂ ಒಂದೇ ಧಾತು, ಕ್ರೋಮಿಯಂ. ಎಷ್ಟು ಚಂದ, ಅಲ್ವಾ? ಎರಡು ಹರಳುಗಳ ಒಳಗಿನ ರಚನೆ ಬೇರೆ, ಹಾಗಾಗಿ ಬಣ್ಣವೂ ಬೇರೆ.

ಮುಂದೆ ಲೆನ್ಸ್ ಕೇಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಒಡವೆ ಅಂಗಡಿಗಳಲ್ಲಿ ಇರುತ್ತದೆ. ಪಚ್ಚೆಯ ಒಳಗೆ ಸಣ್ಣ ಗೆರೆ, ಬಿರುಕು ಕಂಡರೆ ಹೆದರಬೇಡಿ. ಬಹುತೇಕ ಎಲ್ಲ ನೈಸರ್ಗಿಕ ಪಚ್ಚೆಯಲ್ಲೂ ಅವು ಇರುತ್ತವೆ. ದುಂಡಗಿನ ಗುಳ್ಳೆ ಕಂಡರೆ ಮಾತ್ರ ಅನುಮಾನಪಡಿ. ಅದು ಗಾಜೋ ಕಾರ್ಖಾನೆಯ ಹರಳೋ ಇರಬಹುದು. ಅಜ್ಜಿಯ ಕಾಲದ್ದು ಅಂದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವರ್ನಾಯ್ ಉರಿಯಲ್ಲಿ ಕರಗಿಸಿ ಮಾಣಿಕ್ಯ ಮಾಡುವ ವಿಧಾನವನ್ನು ಪ್ರಕಟಿಸಿದ್ದು 1902ರಲ್ಲಿ. ಪಾಲಕ್ಕ ಮಾಲೆಯ ಹಸಿರು ಗಾಜಾದರೂ ಅದರ ಚಂದಕ್ಕೆ ಕೊರತೆಯಿಲ್ಲ, ಆದರೆ ಕೊಡುವ ದುಡ್ಡು ಗಾಜಿನದ್ದೇ ಆಗಿರಬೇಕು.

ಹೆಚ್ಚು ಎಚ್ಚರ ಬೇಕಾದ್ದು ಗಾಜು ತುಂಬಿದ ಮಾಣಿಕ್ಯದ ಬಗ್ಗೆ. ಬಿರುಕು ಬಿಟ್ಟ ಕಡಿಮೆ ದರ್ಜೆಯ ಕಲ್ಲಿಗೆ ಸೀಸ ಬೆರೆತ ಗಾಜನ್ನು ತುಂಬಿ ತಿಳಿಯಾಗಿ ಕಾಣುವಂತೆ ಮಾಡುತ್ತಾರೆ. ಲೆನ್ಸಿನ ಕೆಳಗೆ ಓರೆ ಮಾಡಿದರೆ ಬಿರುಕಿನ ಉದ್ದಕ್ಕೂ ನೀಲಿ ಮಿಂಚು ಹೊಳೆಯುತ್ತದೆ. ಲಿಂಬೆ ರಸ ತಾಗಿದರೂ ಸಾಕು, ಆ ಗಾಜು ಸವೆಯುತ್ತದೆ. ರಿಪೇರಿಗೆ ಕೊಟ್ಟಾಗ ಅಕ್ಕಸಾಲಿಯ ಬೆಂಕಿ ತಾಗಿದರೆ ಹರಳೇ ಹಾಳು. ಬಿಸಿ ಮಾಡಿ ಬಣ್ಣ ತಿದ್ದಿದ ಮಾಣಿಕ್ಯ, ನೀಲ ಬೇರೆ ಮಾತು. ಅದು ವ್ಯಾಪಾರದಲ್ಲಿ ಎಲ್ಲರೂ ಒಪ್ಪಿದ ಕ್ರಮ, ಬಣ್ಣವೂ ಉಳಿಯುತ್ತದೆ. ಏನು ಮಾಡಿದ್ದಾರೆ ಎಂದು ಹೇಳಿ ಮಾರಬೇಕು, ಅಷ್ಟೇ. ಜಾಸ್ತಿ ದುಡ್ಡಿನ ಹರಳಾದರೆ ಪ್ರಯೋಗಾಲಯದ ಪ್ರಮಾಣಪತ್ರ ಇಲ್ಲದೆ ಕೊಳ್ಳಬೇಡಿ.

ದಿನಾ ಹಾಕುವ ಉಂಗುರಕ್ಕೆ ಗಟ್ಟಿ ಹರಳೇ ಬೇಕು. ಗಟ್ಟಿತನವನ್ನು 1ರಿಂದ 10ರ ವರೆಗೆ ತೋರಿಸುವ ಮೋಸ್ ಅಳತೆಯಲ್ಲಿ ಮಾಣಿಕ್ಯ, ನೀಲ 9. ಮನೆಯ ಧೂಳಿನಲ್ಲಿರುವ ಕ್ವಾರ್ಟ್ಸ್ ಪುಡಿ 7. ಅದಕ್ಕಿಂತ ಮೆತ್ತಗಿನದು ಒರೆಸಿ ಒರೆಸಿಯೇ ಮಂಕಾಗುತ್ತದೆ. ಮುತ್ತು ಸುಮಾರು 2.5, ಹವಳ 3ರಿಂದ 4. ಇವನ್ನು ಕಿವಿಗೆ, ಕೊರಳಿಗೆ ಇಟ್ಟುಕೊಳ್ಳಿ. ಪಚ್ಚೆ 7.5ರ ಮೇಲಿದ್ದರೂ ಪೆಟ್ಟು ತಾಳುವುದಿಲ್ಲ.

ತೊಳೆಯಲು ಉಗುರುಬೆಚ್ಚಗಿನ ನೀರು, ಸ್ವಲ್ಪ ಅಂಟುವಾಳದ ನೊರೆ, ಮೆತ್ತಗಿನ ಬ್ರಷ್ ಸಾಕು. ಪಚ್ಚೆಯ ಬಿರುಕಿಗೆ ಎಣ್ಣೆ ಹಾಕಿರುತ್ತಾರೆ, ಹಾಗಾಗಿ ಬಿಸಿನೀರು ಬೇಡ. ಹಿಂಬದಿ ಮುಚ್ಚಿದ ಹಳೆಯ ಬೆಂಡೋಲೆಯನ್ನು ನೀರಲ್ಲಿ ನೆನೆಹಾಕಲೇಬೇಡಿ. ಹರಳಿನ ಅಡಿಗೆ ಹೊಳಪಿನ ತಗಡು ಇರುತ್ತದೆ, ನೀರು ಹೊಕ್ಕರೆ ಅದು ಕಪ್ಪಾಗುತ್ತದೆ.

ಕೊನೆಗೆ ಬಿಲ್ಲು. ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ, ಹರಳಿಗಲ್ಲ. ಹರಳಿನ ತೂಕ ಕಳೆದು ಚಿನ್ನದ ತೂಕ ಬರೆದಿದ್ದಾರಾ ನೋಡಿ. 5 ಕ್ಯಾರೆಟ್ ಹರಳು ಅಂದರೆ 1 ಗ್ರಾಂ. ಹರಳಿನ ಹೆಸರು, ನೈಸರ್ಗಿಕವೋ ಅಲ್ಲವೋ, ಬೆಲೆ, ಎಲ್ಲವೂ ಬೇರೆಯಾಗಿ ಬರೆದಿರಲಿ. ಹಳೆ ಒಡವೆ ಬದಲಾಯಿಸುವಾಗ ಹರಳು ತೆಗೆದು ತೂಗಿದರೆ, ಆ ಹರಳನ್ನು ಕೇಳಿ ವಾಪಸ್ ತನ್ನಿ. ಹೊಸ ಉಂಗುರಕ್ಕೆ ಅದನ್ನೇ ಕೂರಿಸಬಹುದು.