ತೀರ್ಥಹಳ್ಳಿ ಕ್ಲಿನಿಕ್ಕಿಗೆ ನೈಟ್ರಸ್ ತಂದದ್ದು: ನನ್ನ ಅನುಭವ

ನೈಟ್ರಸ್ (ನೈಟ್ರಸ್ ಆಕ್ಸೈಡ್) ಅಂದರೆ ಹಲ್ಲಿನ ಕೆಲಸದ ಹೆದರಿಕೆ ಇಳಿಸಲು ಮೂಗಿನ ಮಾಸ್ಕಿನಲ್ಲಿ ಆಕ್ಸಿಜನ್ ಜೊತೆ ಕೊಡುವ ಗ್ಯಾಸು. ಅದರ ಮೆಷಿನ್ ತರುತ್ತೇನೆ ಅಂದಾಗ ಶಿವಮೊಗ್ಗದ ಡೆಂಟಿಸ್ಟ್ ಗೆಳೆಯರೆಲ್ಲ ಬೇಡ ಅಂದಿದ್ದರು. ಅದೆಲ್ಲ ಬೆಂಗಳೂರಿಗೆ ಸರಿ, ತೀರ್ಥಹಳ್ಳಿಯಲ್ಲಿ ಯಾರು ದುಡ್ಡು ಕೊಡ್ತಾರೆ, ಎರಡು ಸಮಾಧಾನದ ಮಾತು ಹೇಳಿ ಹಲ್ಲು ಕಿತ್ತರೆ ಆಯಿತಲ್ಲ ಅಂತ. ಈಗ ಅವರೇ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಮೊದಲು ನಾನೂ ಹೆದರಿಕೆ ಇಳಿಸಿ ಮಂಪರು ತರಿಸುವ, ಬಾಯಿಂದ ಕೊಡುವ ಔಷಧಿಯಲ್ಲೇ ನಡೆಸುತ್ತಿದ್ದೆ. ದೊಡ್ಡವರಿಗೆ ಹಿಂದಿನ ರಾತ್ರಿ ಅಲ್ಪ್ರಾಜೋಲಮ್. ಮಕ್ಕಳಿಗೆ ಮಿಡಜೋಲಮ್, ಕೆಜಿಗೆ 0.5 ಮಿಲಿಗ್ರಾಂ ಲೆಕ್ಕದಲ್ಲಿ, ಕಹಿ ಗೊತ್ತಾಗದಿರಲಿ ಅಂತ ಮಾವಿನ ಜ್ಯೂಸಿನಲ್ಲಿ. ಅನಸ್ತೇಶಿಯಾ ಡಾಕ್ಟರು ಪಕ್ಕದಲ್ಲೇ ಇರುತ್ತಿದ್ದರು, ಅವರ ಫೀಸೇ ಒಂದು ಸಲಕ್ಕೆ 3 ಸಾವಿರದ ಹತ್ತಿರ. ಮಗು ಅರ್ಧ ಉಗುಳಿದರೆ ಎಷ್ಟು ಒಳಗೆ ಹೋಯಿತು ಅಂತ ಗೊತ್ತಾಗುವುದಿಲ್ಲ, ಮತ್ತೆ ಕೊಡುವ ಹಾಗೂ ಇಲ್ಲ. ಕೆಲವು ಮಕ್ಕಳು ತೂಕಡಿಸುವ ಬದಲು ಇನ್ನೂ ಜಾಸ್ತಿ ರಚ್ಚೆ ಹಿಡಿಯುತ್ತಿದ್ದವು.

ಇದಕ್ಕಿಂತ ದೊಡ್ಡ ತೊಂದರೆ ಮನೆಗೆ ಕಳಿಸುವುದು. ನನ್ನ ಪೇಶೆಂಟುಗಳು ಮೇಗರವಳ್ಳಿ, ಆಗುಂಬೆ ಕಡೆಯವರು. ಬಸ್ಸಿಳಿದು ತೋಟದ ದಾರಿಯಲ್ಲಿ ಇನ್ನೂ ಒಂದೆರಡು ಮೈಲಿ, ನಡುವೆ ಕಾಲುಸಂಕ. ಮಂಪರಿನಲ್ಲಿ ಇರುವವರನ್ನು ಮಳೆಗಾಲದಲ್ಲಿ ಅದರ ಮೇಲೆ ದಾಟಿಸುವುದು ಹೇಗೆ ಹೇಳಿ? ನೈಟ್ರಸ್ಸಿನಲ್ಲಿ ಕೊನೆಗೆ 5 ನಿಮಿಷ ಪೂರ್ತಿ ಆಕ್ಸಿಜನ್ ಕೊಟ್ಟು, ಕಾಲು ಗಂಟೆ ಕೂರಿಸಿದರೆ ಸಾಕು, ತಾವೇ ನಡೆದು ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ. ಪೇಟೆಯವರಿಗಿಂತ ಇದು ನಮ್ಮ ಮಲೆನಾಡಿಗೇ ಹೆಚ್ಚು ಬೇಕಾದದ್ದು ಅಂತ ನಾನು ಹಟ ಹಿಡಿದದ್ದು ಈ ಕಾರಣಕ್ಕೆ.

ಮೆಷಿನ್, ಎರಡು ಸೈಜಿನ ಮಾಸ್ಕ್, ಬಿಟ್ಟ ಗ್ಯಾಸನ್ನು ಹೊರಗೆ ಎಳೆಯುವ ಪೈಪು ಎಲ್ಲ ಸೇರಿ 4 ಲಕ್ಷದ ಆಸುಪಾಸು ಆಯಿತು. ಸಿಲಿಂಡರ್ ಶಿವಮೊಗ್ಗದಿಂದ ಬರಬೇಕು, 60 ಕಿಲೋಮೀಟರ್, ಸಾಗಣೆ ಖರ್ಚು ಬೇರೆ. ಶುರುವಿನಲ್ಲಿ ಕಾಡಿದ್ದು ಒತ್ತಡ ತೋರಿಸುವ ಗೇಜು. ನೀಲಿ ಸಿಲಿಂಡರಿನೊಳಗೆ ನೈಟ್ರಸ್ ದ್ರವವಾಗಿ ಇರುತ್ತದಲ್ಲ, ಮುಕ್ಕಾಲು ಖಾಲಿಯಾದರೂ ಮುಳ್ಳು 750 ಪಿಎಸ್‌ಐ ಹತ್ತಿರವೇ ನಿಂತಿರುತ್ತದೆ, ದ್ರವ ಮುಗಿದ ಮೇಲೆ ಸರಸರ ಇಳಿಯುತ್ತದೆ. ಒಂದು ರೂಟ್ ಕೆನಾಲ್ ನಡುವೆಯೇ ಹೀಗಾಯಿತು. ಈಗ ಅಡಿಕೆ ತೂಗುವ ತಕ್ಕಡಿ ತಂದು ಇಟ್ಟಿದ್ದೇನೆ. ಖಾಲಿ ತೂಕ ಸಿಲಿಂಡರಿನ ಮೇಲೇ ಕೊರೆದಿರುತ್ತದೆ, ಅದನ್ನು ಕಳೆದರೆ ಉಳಿದ ಗ್ಯಾಸ್ ಎಷ್ಟು ಅಂತ ಸಿಗುತ್ತದೆ.

ಮೊದಲ ಮಳೆಗಾಲ ಭಾರೀ ಸೋಲು. ಹತ್ತರಲ್ಲಿ ನಾಲ್ಕೈದು ಜನಕ್ಕೆ ಹಿಡಿಯಲೇ ಇಲ್ಲ. ಜುಲೈನಲ್ಲಿ ಇಲ್ಲಿ ಎಲ್ಲರಿಗೂ ನೆಗಡಿ, ಮೂಗು ಕಟ್ಟಿದವರಿಗೆ ಮೂಗಿನ ಮಾಸ್ಕ್ ಹಾಕಿದರೆ ಏನು ಪ್ರಯೋಜನ? ಬಾಯಲ್ಲಿ ಉಸಿರಾಡುತ್ತಾರೆ, ಗ್ಯಾಸೆಲ್ಲ ರೂಮಿಗೆ. ಈಗ ಮೊದಲೇ ಬಾಯಿ ಮುಚ್ಚಿಸಿ, ಮೂಗಿನ ಕೆಳಗೆ ಕನ್ನಡಿ ಹಿಡಿದು ನೋಡುತ್ತೇನೆ. ಎರಡೂ ಹೊಳ್ಳೆಯಿಂದ ಮಂಜು ಕಟ್ಟದಿದ್ದರೆ ಮುಂದಿನ ವಾರ ಬನ್ನಿ ಅನ್ನುತ್ತೇನೆ. ಇನ್ನೊಂದು, ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಬಾಯಿಗೆ ಅಡ್ಡ ಕಟ್ಟುವ ರಬ್ಬರ್ ಹಾಳೆ) ಹಾಕಿದರೆ ಮೂಗಿನಲ್ಲೇ ಉಸಿರಾಡುತ್ತಾರೆ, ಗ್ಯಾಸೂ ಕಡಿಮೆ ಸಾಕಾಗುತ್ತದೆ. ಸುಮ್ನೆ ಬಿಡಬೇಡಿ ಅದನ್ನು.

ಎಲೆಅಡಿಕೆ, ಗುಟ್ಕಾ ತಿಂದು ಬಾಯಿ ಎರಡು ಬೆರಳಗಲವೂ ತೆರೆಯದವರು ನಮ್ಮಲ್ಲಿ ತುಂಬಾ ಜನ. ಹೆದರಿಕೆಗೆ ಬಿಗಿದ ದವಡೆ ಗ್ಯಾಸಿಗೆ ಸಡಿಲವಾಗುತ್ತದೆ, ಆದರೆ ಫೈಬ್ರೋಸಿಸ್‌ನಿಂದ, ಅಂದರೆ ಬಾಯೊಳಗಿನ ಚರ್ಮ ಗಟ್ಟಿಯಾಗಿ ಬಿಗಿದದ್ದು ಆಗುವುದಿಲ್ಲ. ಅಂಥವರಿಗೆ ಆಸೆ ಹುಟ್ಟಿಸಬೇಡಿ. ಗ್ಯಾಸ್ ಕೊಟ್ಟರೂ ಮರಗಟ್ಟಿಸುವ ಇಂಜೆಕ್ಷನ್ ಬೇಕೇ ಬೇಕು, ಇದನ್ನೂ ಮೊದಲೇ ಹೇಳಿ.

ಆಕ್ಸಿಜನ್ ಜೊತೆ ಸೇರಿಸುವ ನೈಟ್ರಸ್ಸನ್ನು ನಾನು ಶೇಕಡ 10ರಂತೆ ಏರಿಸುತ್ತೇನೆ, 20 ದಾಟಿದ ಮೇಲೆ 5ರಂತೆ. ಹೆಚ್ಚಿನವರು 30-40ರಲ್ಲಿ ನಿಲ್ಲುತ್ತಾರೆ. 50ರ ಮೇಲೆ ನಾನು ಹೋಗುವುದಿಲ್ಲ, ವಾಂತಿ ಶುರುವಾಗುತ್ತದೆ. ನಂಬರಿಗಿಂತ ಕೈ ನೋಡಿ. ಚೇರಿನ ಕೈ ಹಿಡಿದ ಮುಷ್ಟಿ ಬಿಟ್ಟಿತು ಅಂದರೆ ಏರಿಸುವುದನ್ನು ಅಲ್ಲೇ ನಿಲ್ಲಿಸಿ. ಮೊದಲ ಮೂರು ತಿಂಗಳ ಗರ್ಭಿಣಿಯರಿಗೆ, ದಮ್ಮಿನ ಕಾಯಿಲೆ ಜೋರಾಗಿ ಇರುವವರಿಗೆ, ಕಿವಿ ಆಪರೇಷನ್ ಈಚೆಗೆ ಆದವರಿಗೆ, ಬಿ12 ತೀರಾ ಕಡಿಮೆ ಇರುವವರಿಗೆ ಕೊಡುವುದಿಲ್ಲ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಹೆಡ್‌ಫೋನಿನಲ್ಲಿ ತಾಳಮದ್ದಳೆ ಹಾಕಿದೆ. ವಯಸ್ಸಾದವರು ಅರ್ಥಗಾರಿಕೆಗೆ ಹೂಂಗುಟ್ಟಿ, ಕೆಲವರು ಎದುರು ಮಾತೂ ಆಡಿ, ಬಾಯಿಂದಲೇ ಉಸಿರೆಳೆಯಲು ಶುರು ಮಾಡಿದರು. ನಿಲ್ಲಿಸಿದೆ. ಬರೀ ಕೊಳಲು ಪರವಾಗಿಲ್ಲ. ಮಾಸ್ಕಿಗೆ ಅಂಗಡಿಯ ಸ್ಟ್ರಾಬೆರಿ ವಾಸನೆಗಿಂತ ಏಲಕ್ಕಿ ನಮ್ಮ ಮಕ್ಕಳಿಗೆ ಹಿಡಿಸಿತು. ಮಕ್ಕಳು ಮಾಸ್ಕನ್ನು ತಾವೇ ಎತ್ತಿ ಹಾಕಿಕೊಳ್ಳುವ ಹಾಗೆ ಮಾಡುವುದಕ್ಕೆ ಒಂದು ದಾರಿ ಇದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಕ್ಲಿನಿಕ್ಕಿಗೆ ಬನ್ನಿ, ತೋರಿಸುತ್ತೇನೆ.

ಒಂದು ಸಲಕ್ಕೆ 1,200 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತೇನೆ, ಗ್ಯಾಸ್ ಖರ್ಚು 300ರ ಒಳಗೆ. ಮೆಷಿನ್ನಿಗೆ ಮಾಡಿದ ಸಾಲ ತೀರಲು ಎರಡು ವರ್ಷದ ಮೇಲೆ ಹಿಡಿಯಿತು. ಅಡಿಕೆ ಕೊಯ್ಲು ಮುಗಿದ ಮೇಲೆ ಜನ ಕೇಳಿಕೊಂಡೇ ಬರುತ್ತಾರೆ, ದುಡ್ಡಿಗೆ ಕೊಸರಾಡಿದವರು ಕಡಿಮೆ. ವರ್ಷಾನುಗಟ್ಟಲೆ ಹಲ್ಲುನೋವು ನುಂಗಿಕೊಂಡು ಕೂತಿದ್ದವರು ಇವರು, ಹೆದರಿಕೆಗೆ ಬಾರದವರು.

ಮೆಷಿನ್ ಕೊಳ್ಳುವವರಿಗೆ ಒಂದು ಮಾತು. ಕರೆಂಟ್ ಬೇಡದ, ಕೈಯಲ್ಲಿ ತಿರುಗಿಸುವ ಫ್ಲೋಮೀಟರ್ (ಗ್ಯಾಸ್ ಹರಿವು ತೋರಿಸುವ ಸಾಧನ) ಇರುವುದನ್ನೇ ತನ್ನಿ, ನಮ್ಮ ಮಳೆಗೆ ಅದೇ ಸರಿ. ಡೆಮೋಗೆ ಬಂದವರ ಎದುರಿಗೇ ಆಕ್ಸಿಜನ್ ವಾಲ್ವ್ ಮುಚ್ಚಿ ನೋಡಿ. ನೈಟ್ರಸ್ ಆ ಕ್ಷಣವೇ ತಾನಾಗಿ ನಿಲ್ಲಬೇಕು. ವಾಲ್ವ್ ತೆರೆದಿರುವಾಗಲೂ ಮಿಶ್ರಣದಲ್ಲಿ ಆಕ್ಸಿಜನ್ ಶೇಕಡ 30ಕ್ಕಿಂತ ಕೆಳಗೆ ಇಳಿಯಲೇಬಾರದು. ಇಳಿದರೆ ಎಷ್ಟೇ ಅಗ್ಗ ಇದ್ದರೂ ವಾಪಸ್ ಕಳಿಸಿ.