ಕಬೋರ್ಡ್ ಮಾಡಿಸುವ ಮೊದಲು ಪಾತ್ರೆ ಅಳೆಯಿರಿ

ಅಡುಗೆಮನೆಗೆ ಹೊಸ ಕಬೋರ್ಡ್ ಮಾಡಿಸುತ್ತಿದ್ದೀರಾ? ಕಾರ್ಪೆಂಟರ್ ಬರುವ ಮೊದಲೇ ಟೇಪ್ ಹಿಡಿದು ನಿಮ್ಮ ಪಾತ್ರೆಗಳನ್ನು ಅಳೆದುಕೊಳ್ಳಿ. ನಾವು ಅಳೆಯಲಿಲ್ಲ. ಈಗ 5 ಲೀಟರ್ ಕುಕ್ಕರ್ ಡ್ರಾಯರ್‌ನಲ್ಲಿ ಕೂರುತ್ತದೆ, ಆದರೆ ಮುಚ್ಚಳದ ವೆಯ್ಟ್ ತಗುಲಿ ಡ್ರಾಯರ್ ಮುಚ್ಚುವುದೇ ಇಲ್ಲ. ಇಡ್ಲಿ ಪಾತ್ರೆಯಂತೂ ಅಟ್ಟ ಸೇರಿದೆ. ದಿನಾ ಬಳಸೋದು ಕೈಗೆ ಸಿಗಬೇಕು, ಅಲ್ವಾ?

ಸಿಂಕ್ ಕೆಳಗೆ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ಅಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ, ನೀರು ಕುಡಿದು ಉಬ್ಬುತ್ತದೆ. ಐಎಸ್ 710 (ನೀರು ತಡೆಯುವ ಮರೈನ್ ಪ್ಲೈವುಡ್‌ನ ಭಾರತೀಯ ಮಾನದಂಡ) ಗುರುತಿರುವ ಪ್ಲೈವುಡ್ಡೇ ಕೇಳಿ. ಗುರುತು ಹಾಳೆಯ ಮೇಲೇ ಅಚ್ಚಾಗಿರುತ್ತದೆ, ಕತ್ತರಿಸುವ ಮೊದಲು ನೀವೇ ನೋಡಿ.

ಕಟ್ಟೆಯ ಎತ್ತರಕ್ಕೆ ಮನೆಯಲ್ಲಿ ಜಾಸ್ತಿ ಅಡುಗೆ ಮಾಡುವವರನ್ನು ನಿಲ್ಲಿಸಿ, ಮೊಣಕೈ ಮಡಚಿಸಿ. ಅದಕ್ಕಿಂತ ಸುಮಾರು 4 ಇಂಚು ಕೆಳಗಿದ್ದರೆ ಚಪಾತಿ ಲಟ್ಟಿಸುವಾಗ ಭುಜ ನೋಯುವುದಿಲ್ಲ.